ಸಂಪಾದಕರ ಉತ್ತರ: ಕ್ಯಾಮೆರಾ ಕೊಡಿಸುವ ಮುಂಚೆ ಒಂದು ಲೋಟ ಕಾಫಿ

ರಾಜಾಜಿನಗರದ ಓದುಗರೊಬ್ಬರು ಬರೆದ ಉದ್ದನೆಯ ಪತ್ರದ ಸಾರ ಇಷ್ಟು. ಮಗಳು ವಿಜ್ಞಾನದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಎಂಜಿನಿಯರಿಂಗ್ ಬೇಡ, ಫಿಲ್ಮ್ ಅಂಡ್ ಟೆಲಿವಿಷನ್ ಪ್ರೊಡಕ್ಷನ್ ಓದುತ್ತೇನೆ ಎಂದು ಪಟ್ಟು ಹಿಡಿದು ಕೂತಿದ್ದಾಳೆ. ನಗರದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಗುತ್ತದೆ, ಆದರೆ ಶುಲ್ಕ ಕೇಳಿ ಮನೆಯವರ ಎದೆ ಝಲ್ಲೆಂದಿದೆ. ‘ಸಿನಿಮಾಕ್ಕೆಂಥ ಸರ್ಟಿಫಿಕೇಟು, ಗಾಂಧಿನಗರದಲ್ಲಿ ಯಾರಾದರೂ ಡೈರೆಕ್ಟರ ಹತ್ತಿರ ಅಸಿಸ್ಟೆಂಟಾಗಿ ಸೇರಿಸಿ’ ಎನ್ನುತ್ತಾರೆ ಸೋದರಮಾವ. ‘ಕಾಲೇಜು ಬೇಡವಾದರೆ ಎರಡು ಲಕ್ಷದ ಕ್ಯಾಮೆರಾ ಕೊಡಿಸಿ’ ಎನ್ನುತ್ತಾಳೆ ಮಗಳು. ಪತ್ರದ ಕೊನೆಗೊಂದು ಬಾಲಂಗೋಚಿ: ಬರುವ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಶಾರ್ಟ್ ಫಿಲ್ಮ್ ತೆಗೆಯುತ್ತಾಳಂತೆ, ಗೆಳತಿಯ ಅಣ್ಣನ ಡ್ರೋನ್ ಕೂಡ ಬರುತ್ತದಂತೆ, ತೊಂದರೆಯೇನೂ ಇಲ್ಲವಷ್ಟೆ?

ಕ್ಯಾಮೆರಾ ಈಗ ಬೇಡ. ಕೋರ್ಸಿನ ವಿಷಯಕ್ಕೆ ಬಂದರೆ, ಬ್ರೋಷರ್ ನೋಡಿ ತೀರ್ಮಾನ ಮಾಡಬೇಡಿ. ಆ ಕಾಲೇಜಿನ ಸ್ಟೋರ್ ರೂಮಿನಲ್ಲಿ ಒಂದು ರಿಜಿಸ್ಟರ್ ಇರುತ್ತದೆ: ಯಾವ ವಿದ್ಯಾರ್ಥಿ ಯಾವ ದಿನ ಯಾವ ಕ್ಯಾಮೆರಾ, ಯಾವ ಮೈಕು ತೆಗೆದುಕೊಂಡು ಹೋದ, ಯಾವಾಗ ತಂದುಕೊಟ್ಟ ಎಂದು. ಅದನ್ನು ನೋಡಬೇಕು ಎಂದು ಕೇಳಿ. ಒಂದು ಸೆಮಿಸ್ಟರಿನ ಪುಟಗಳನ್ನು ತಿರುವಿ ಹಾಕಿದರೆ ಸಾಕು. ಪುಟಗಳು ತುಂಬಿದ್ದರೆ, ಎಲ್ಲ ವರ್ಷದ ವಿದ್ಯಾರ್ಥಿಗಳ ಸಹಿ ಇದ್ದರೆ, ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ. ಗಾಜಿನ ಬೀರುವಿನಲ್ಲಿ ಹೊಳೆಯುವ ದೊಡ್ಡ ಕ್ಯಾಮೆರಾ ಇದ್ದೂ ರಿಜಿಸ್ಟರ್ ಖಾಲಿ ಇದ್ದರೆ ಆ ಕ್ಯಾಮೆರಾ ಇರುವುದು ಪೋಷಕರಿಗೆ ತೋರಿಸಲು.

ಎಷ್ಟು ಕ್ಯಾಮೆರಾ ಇದೆ ಎಂಬುದಕ್ಕಿಂತ ಎಷ್ಟು ಬ್ಯಾಟರಿ, ಎಷ್ಟು ಟ್ರೈಪಾಡ್, ಎಷ್ಟು ಹೆಡ್‌ಫೋನ್ ಸರಿಯಾಗಿವೆ ಎಂದು ಕೇಳುವುದು ಮೇಲು. ಬೂಮ್ ಮೈಕಿನ, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟುವ ಮೈಕಿನ, ಕೇಬಲ್ ಒಂದು ಹಾಳಾಗಿದ್ದರೆ ಇಡೀ ಶೂಟಿಂಗ್ ನಿಲ್ಲುತ್ತದೆ. ಎಡಿಟಿಂಗ್ ಲ್ಯಾಬ್ ಎಷ್ಟು ಗಂಟೆಗೆ ಬೀಗ ಹಾಕುತ್ತಾರೆ? ಸಂಜೆ ನಾಲ್ಕೂವರೆಗೆ ಎಂದರೆ ಅಲ್ಲಿ ಎಡಿಟಿಂಗ್ ಪಾಠ ನಡೆಯುತ್ತದೆ, ಎಡಿಟಿಂಗ್ ನಡೆಯುವುದಿಲ್ಲ. ಕೊನೆಯ ವರ್ಷದವರ ಮೂರು ಚಿತ್ರ ಹಾಕಿ ತೋರಿಸಲು ಹೇಳಿ, ಟ್ರೈಲರ್ ಬೇಡ, ಪೂರ್ತಿ ಚಿತ್ರ. ಹೆಡ್‌ಫೋನ್ ಹಾಕಿಕೊಂಡೇ ನೋಡಿ, ಏಕೆಂದರೆ ಚಿತ್ರ ಚೆನ್ನಾಗಿ ಕಾಣಿಸುವುದು ಈಗ ಸುಲಭ, ಮಾತು ಸ್ಪಷ್ಟವಾಗಿ ಕೇಳಿಸುವುದು ಸುಲಭವಲ್ಲ. ಕಾಲೇಜಿನ ಮಟ್ಟ ಗೊತ್ತಾಗುವುದು ಅಲ್ಲೇ. ಆಮೇಲೆ ಟೈಟಲ್ ಕಾರ್ಡ್ ಗಮನಿಸಿ. ಒಂದೇ ಹುಡುಗಿ ಒಂದು ಚಿತ್ರಕ್ಕೆ ನಿರ್ದೇಶಕಿ, ಇನ್ನೊಂದಕ್ಕೆ ಸೌಂಡ್, ಮತ್ತೊಂದಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದರೆ ಅದು ಒಳ್ಳೆಯ ಲಕ್ಷಣ. ಕೊನೆಯ ಚಿತ್ರದ ಖರ್ಚು ಯಾರದು, ಹಕ್ಕು ಯಾರದು, ಚಿತ್ರೋತ್ಸವಕ್ಕೆ ಕಳಿಸಲು ಕಾಲೇಜಿನ ಪತ್ರ ಬೇಕೆ ಎಂಬುದನ್ನೂ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಖರ್ಚು ಹೆಚ್ಚಾಗಿ ವಿದ್ಯಾರ್ಥಿಯ ತಲೆಗೇ ಬರುತ್ತದೆ, ಶುಲ್ಕದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಹನ್ನೆರಡು ಜನರ ತಂಡ, ಎರಡು ದಿನದ ಶೂಟಿಂಗ್, ತಿಂಡಿ ಊಟ ಕಾಫಿಗೆ ತಲೆಗೆ ದಿನಕ್ಕೆ 250 ರೂಪಾಯಿ ಎಂದುಕೊಂಡರೂ 6,000 ಆಯಿತು. ಲೈಟಿನ ಬಾಡಿಗೆ, ಟೆಂಪೊ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಕಾಗದಪತ್ರದ ವಿಷಯವನ್ನು ಬೇಗ ಮುಗಿಸೋಣ. ಯುಜಿಸಿ ಕಾಯ್ದೆಯ ಪ್ರಕಾರ ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಕ್ಕೆ, ಇಲ್ಲವೇ ಸಂಸತ್ತು ಆ ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ‘ಅಕಾಡೆಮಿ’ ಎಂಬ ಬೋರ್ಡ್ ಹಾಕಿಕೊಂಡವರು ಡಿಗ್ರಿ ಎಂದರೆ, ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಎಂದು ಕೇಳಿ. ಕೋರ್ಸು ಮೂರು ವರ್ಷವೋ ನಾಲ್ಕೋ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು 2024-25ರಿಂದ ಮೂರು ವರ್ಷದ ಪದವಿಗೆ ಮರಳಿದವು, ಖಾಸಗಿಯವರ ಲೆಕ್ಕ ಬೇರೆ ಇರಬಹುದು. ನಾಲ್ಕನೇ ವರ್ಷ ಎಂದರೆ ನಾಲ್ಕನೇ ವರ್ಷದ ಶುಲ್ಕ.

ಖಾಸಗಿ ಶುಲ್ಕ ಕಟ್ಟುವ ಮುಂಚೆ ಹೆಸರಘಟ್ಟದ ಸರ್ಕಾರಿ ಸಿನಿಮಾ ಸಂಸ್ಥೆಯ ಕಡೆ ಒಮ್ಮೆ ಹೋಗಿಬನ್ನಿ. ಬೆಂಗಳೂರಿನಲ್ಲಿ ಸಿನಿಮಾ ಕಲಿಸುವುದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ. ಅದಕ್ಕೂ ಮೊದಲೇ, 1940ರ ದಶಕದಲ್ಲಿ, ನಮ್ಮ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಸಿನಿಮಾಟೋಗ್ರಫಿ, ಸೌಂಡ್ ರೆಕಾರ್ಡಿಂಗ್ ಡಿಪ್ಲೊಮಾಗಳಿದ್ದವು. ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರಕ್ಕೆ ಕ್ಯಾಮೆರಾ ಹಿಡಿದ, ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಓದಿದ್ದು ಅಲ್ಲೇ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ. ಗೋವಿಂದ ನಿಹಲಾನಿ ಕೂಡ ಅಲ್ಲಿಯ ವಿದ್ಯಾರ್ಥಿಯೇ. ಆ ಪರಂಪರೆಯೇ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿ ಮುಂದುವರಿದಿದೆ. ಅಲ್ಲಿ ಸಿಗುವುದು ಡಿಪ್ಲೊಮಾ, ಪದವಿಯಲ್ಲ, ಆದರೆ ಶುಲ್ಕ ಸರ್ಕಾರಿ ದರದ್ದು. ಮೇಲೆ ಹೇಳಿದ ರಿಜಿಸ್ಟರ್ ಪರೀಕ್ಷೆ ಅಲ್ಲಿಗೂ ಅನ್ವಯಿಸುತ್ತದೆ, ಸರ್ಕಾರಿ ಎಂದು ರಿಯಾಯಿತಿ ಬೇಡ. ಪುಣೆಯ ಮುಖ್ಯ ಕೋರ್ಸುಗಳಿಗೆ ಮೊದಲು ಯಾವುದಾದರೂ ಪದವಿ ಆಗಿರಬೇಕು. ಅಲ್ಲಿಯ ಸೌಂಡ್ ವಿಭಾಗಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕೆಂಬ ಷರತ್ತು ಬಹಳ ಕಾಲದಿಂದ ಇದೆ. ನಿಮ್ಮ ಮಗಳು ಓದಿದ ಸೈನ್ಸ್ ವ್ಯರ್ಥವಾಗಲಿಲ್ಲ, ನೋಡಿ.

ಈಗ ಅವಳಿಗೊಂದು ಕೆಲಸ ಕೊಡಿ. ಕೈಯಲ್ಲಿರುವ ಮೊಬೈಲಿನಲ್ಲೇ ಮೂರು ನಿಮಿಷದ ಚಿತ್ರ: ಅಡುಗೆಮನೆಯಲ್ಲಿ ಒಬ್ಬರು ಫಿಲ್ಟರ್ ಕಾಫಿ ಮಾಡಿ ಇನ್ನೊಬ್ಬರಿಗೆ ಕೊಡುತ್ತಾರೆ, ನಾಲ್ಕು ಮಾತು ಆಡುತ್ತಾರೆ. ಹಾಡಿಲ್ಲ, ಸ್ಲೋ ಮೋಷನ್ ಇಲ್ಲ. ಕೇಳಲು ಏನೂ ಇಲ್ಲ ಎನಿಸುತ್ತದೆ. ಸಿನಿಮಾ ಶಾಲೆಯ ಮೊದಲ ವರ್ಷ ಹೆಚ್ಚುಕಡಿಮೆ ಇದರಲ್ಲೇ ಅಡಗಿದೆ.

ಮೊದಲ ತೊಡಕು ಲೋಟದ್ದು. ದೂರದ ಶಾಟಿನಲ್ಲಿ ಕಾಫಿ ಲೋಟದ ತುಂಬ ಇತ್ತು. ಕ್ಲೋಸಪ್ ತೆಗೆಯುವಷ್ಟರಲ್ಲಿ ನಟಿ ಎರಡು ಗುಟುಕು ಕುಡಿದಾಗಿದೆ, ನೊರೆ ಇಳಿದಿದೆ, ಹಬೆ ನಿಂತಿದೆ. ಎರಡನ್ನೂ ಕತ್ತರಿಸಿ ಜೋಡಿಸಿದರೆ ಕಾಫಿ ತಾನಾಗಿಯೇ ಕಡಿಮೆಯಾದಂತೆ ಕಾಣುತ್ತದೆ. ಐದು ಟೇಕ್ ಎಂದರೆ ಐದು ಬಿಸಿ ಲೋಟ, ಅದಕ್ಕೆ ಬೇಕಾದಷ್ಟು ಡಿಕಾಕ್ಷನ್ ಹಿಂದಿನ ರಾತ್ರಿಯೇ ಇಳಿದಿರಬೇಕು. ಪ್ರತಿ ಶಾಟ್ ಮುಗಿದ ಕೂಡಲೇ ಫೋಟೋ: ಲೋಟ ಯಾವ ಕೈಯಲ್ಲಿತ್ತು, ಸೆರಗು ಎಲ್ಲಿತ್ತು, ಗೋಡೆಯ ಗಡಿಯಾರ ಎಷ್ಟು ತೋರಿಸುತ್ತಿತ್ತು. ಸೆಟ್ಟಿನಲ್ಲಿ ಇದನ್ನು ಕಂಟಿನ್ಯುಟಿ ಎನ್ನುತ್ತಾರೆ. ಬೇಜಾರಿನ ಕೆಲಸ, ಇದಿಲ್ಲದಿದ್ದರೆ ಎಡಿಟರ್ ಅಳುತ್ತಾನೆ.

ಎರಡನೆಯದು ಟ್ಯೂಬ್‌ಲೈಟು. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಅಂದರೆ ಹಳೆಯ ಟ್ಯೂಬು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಫೋನು ಬಂದ ಹಾಗೆಯೇ ಸೆಕೆಂಡಿಗೆ 30 ಫ್ರೇಮಿನಲ್ಲಿ, ಶಟರನ್ನು, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಒಳಬಿಡುವ ಹೊತ್ತನ್ನು, ತನಗೆ ತೋಚಿದಂತೆ ಇಟ್ಟುಕೊಂಡು ತೆಗೆದರೆ ಗೋಡೆಯ ಮೇಲೆ ಕಪ್ಪು ಪಟ್ಟೆ ಉರುಳುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ಪಟ್ಟೆ ಮಾಯ. 24 ಫ್ರೇಮೇ ಬೇಕೆಂದರೂ ಶಟರ್ 1/50, ಆ್ಯಂಗಲ್ ಲೆಕ್ಕದಲ್ಲಿ (ಒಂದು ಫ್ರೇಮಿನ ಪೂರ್ತಿ ಹೊತ್ತು 360 ಡಿಗ್ರಿ ಎಂದುಕೊಂಡರೆ) 172.8 ಡಿಗ್ರಿ. ಈ ಸಂಖ್ಯೆ ಎಲ್ಲಿಂದ ಬಂತು ಎಂದು ಅವಳೇ ಲೆಕ್ಕ ಹಾಕಲಿ, ಪಿಯುಸಿ ಗಣಿತ ಧಾರಾಳ ಸಾಕು. ಹಾಗೆಯೇ ಇನ್ನೊಂದು: ಐಎಸ್‌ಒ 800ರ (ಬೆಳಕಿಗೆ ಸ್ಪಂದಿಸುವ ಅಳತೆ ಅದು) ಕ್ಯಾಮೆರಾವನ್ನು ಮಧ್ಯಾಹ್ನದ ಬಿಸಿಲಿಗೆ ಒಯ್ದು ಶಟರ್ 1/50, ಲೆನ್ಸಿನ ಕಿಂಡಿ ಎಫ್/4 ಇಟ್ಟರೆ ಬೆಳಕು ಸುಮಾರು ಎಂಟು ಸ್ಟಾಪ್ ಹೆಚ್ಚು, ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ. ಅದಕ್ಕೆ ಬೆಳಕು ತಗ್ಗಿಸುವ ಕಪ್ಪು ಗಾಜು, ಅಂದರೆ 2.4ರ ಎನ್‌ಡಿ ಫಿಲ್ಟರ್ ಬೇಕು. ಫಿಲ್ಟರ್ ಮರೆತವರು ಶಟರ್ ಏರಿಸುತ್ತಾರೆ, ನಡೆಯುವ ಮನುಷ್ಯ ಕೀಲುಗೊಂಬೆಯಂತೆ ತಟತಟನೆ ಕಾಣುತ್ತಾನೆ.

ಮೂರನೆಯದೇ ನಿಜವಾದ ಪರೀಕ್ಷೆ, ಸೌಂಡ್. ಬೆಂಗಳೂರಿನ ಅಡುಗೆಮನೆಯಲ್ಲಿ ನಾಲ್ಕು ಮಾತು ಶುದ್ಧವಾಗಿ ರೆಕಾರ್ಡ್ ಮಾಡಿದವರಿಗೆ ಅರ್ಧ ವಿದ್ಯೆ ಬಂದಂತೆ. ಬೆಳಿಗ್ಗೆ ಕಸದ ಗಾಡಿಯ ಹಾಡು, ಆಮೇಲೆ ಪಕ್ಕದ ಮನೆಯ ಮಿಕ್ಸಿ, ಕುಕ್ಕರ್ ಸೀಟಿ, ಎದುರು ಸೈಟಿನಲ್ಲಿ ಬೋರ್‌ವೆಲ್. ಹೊರಗಿನದನ್ನು ನಿಲ್ಲಿಸಲಾಗದು, ವೇಳೆ ನೋಡಿಕೊಳ್ಳಬಹುದಷ್ಟೆ. ಮನೆಯೊಳಗಿನ ಫ್ಯಾನು, ಫ್ರಿಜ್ಜು ಆಫ್ ಮಾಡಬೇಕು. ಫ್ರಿಜ್ ಮತ್ತೆ ಆನ್ ಮಾಡುವುದನ್ನು ಮರೆಯದಿರಲು ಸೌಂಡಿನವರು ಬಳಸುವ ಹಳೆಯ ಉಪಾಯ, ಸ್ಕೂಟರ್ ಕೀಲಿಯನ್ನು ಫ್ರಿಜ್ಜಿನೊಳಗೆ ಇಡುವುದು. ಮೈಕು ಬಾಯಿಗೆ ಹತ್ತಿರ, ಫ್ರೇಮಿನಿಂದ ಸ್ವಲ್ಪವೇ ಹೊರಗೆ. ಕಾಲರ್ ಮೈಕು ಸೆರಗಿನಡಿ ಸಿಕ್ಕಿಸಿದರೆ ಬಟ್ಟೆ ಉಜ್ಜುವ ಸದ್ದು ಮಾತನ್ನೇ ನುಂಗುತ್ತದೆ, ರೇಷ್ಮೆಯಂತೂ ಬೇಡವೇ ಬೇಡ. ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ಜೋರು ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಂತೆ. ಎಲ್ಲ ಮುಗಿದ ಮೇಲೆ ಯಾರೂ ಅಲುಗಾಡದೆ ಒಂದು ನಿಮಿಷ ಖಾಲಿ ಕೋಣೆಯ ಸದ್ದು. ‘ಸುಮ್ಮನೆ ಯಾಕೆ’ ಎಂದು ಎಲ್ಲರೂ ನಗುತ್ತಾರೆ. ಮಾತು ಮಾತಿನ ನಡುವೆ ಎಡಿಟಿಂಗಿನಲ್ಲಿ ಬೀಳುವ ತೂತು ಮುಚ್ಚುವುದು ಅದರಿಂದಲೇ.

ನಮ್ಮ ಚಿತ್ರರಂಗದಲ್ಲಿ ಸೆಟ್ಟಿನ ಧ್ವನಿಯನ್ನು ಪೈಲಟ್ ಟ್ರ್ಯಾಕ್ (ಬರೀ ಗುರುತಿಗೆ ಇಟ್ಟುಕೊಂಡ ಧ್ವನಿ) ಎಂದು ಬದಿಗಿಟ್ಟು ಎಲ್ಲವನ್ನೂ ಡಬ್ಬಿಂಗಿನಲ್ಲಿ ಸರಿಮಾಡಿಕೊಳ್ಳುವ ರೂಢಿ ಬಹಳ ಕಾಲದ್ದು. ಹಾಗಾಗಿ ಎಲ್ಲರಿಗೂ ನಿರ್ದೇಶಕರಾಗುವ ಆಸೆ, ಬೂಮ್ ಹಿಡಿಯಲು ಜನವಿಲ್ಲ. ಸಿಂಕ್ ಸೌಂಡ್, ಅಂದರೆ ಶೂಟಿಂಗಿನ ಹೊತ್ತಿನಲ್ಲೇ ನಿಜವಾದ ಧ್ವನಿ ಹಿಡಿಯುವುದನ್ನು, ಬಲ್ಲವರಿಗೆ, ಎಡಿಟಿಂಗ್ ಬಲ್ಲವರಿಗೆ, ಶೆಡ್ಯೂಲ್ ಹಾಕಿ ಲೆಕ್ಕ ಇಡಬಲ್ಲವರಿಗೆ ಮೊದಲ ಸಂಬಳ ಬೇಗ ಬರುತ್ತದೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಸ್ಕ್ರಿಪ್ಟ್ ಕನ್ನಡ ಲಿಪಿಯಲ್ಲೇ ಬರೆಯಲಿ. ಕಾಲೇಜುಗಳಲ್ಲಿ ಕನ್ನಡ ಸಂಭಾಷಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ಚಟವಿದೆ. ಬಲೆ, ಬಳೆ, ಬಾಲೆ, ಬಾಳೆ ನಾಲ್ಕೂ ಆ ಹಾಳೆಯ ಮೇಲೆ ಒಂದೇ! ಓದುವ ನಟ ಏನು ಹೇಳಬೇಕು? ಫೈಲು ಯೂನಿಕೋಡ್‌ನಲ್ಲಿರಲಿ, ಹಳೆಯ ನುಡಿ ಫಾಂಟಿನ ಫೈಲು ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಚಿತ್ತಾರವಾಗುತ್ತದೆ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಇಂಗ್ಲಿಷ್ ಸ್ಕ್ರಿಪ್ಟಿನ ಲೆಕ್ಕವನ್ನು ಕನ್ನಡ ಪುಟಕ್ಕೆ ನಂಬಬೇಡಿ, ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಟೈಟಲ್ ಹಾಕುವಾಗ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂತರೆ ತಪ್ಪು ಫಾಂಟಿನದಲ್ಲದೆಯೂ ಇರಬಹುದು. ಪ್ರೀಮಿಯರ್‌ನಲ್ಲಿ (ಅದೊಂದು ಎಡಿಟಿಂಗ್ ಸಾಫ್ಟ್‌ವೇರ್) ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಒತ್ತಿಕೊಳ್ಳಬೇಕು.

ಎರಡು ಲಕ್ಷದ ಮಾತಿಗೆ ಬರೋಣ. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಕೊಂಡ ಕ್ಯಾಮೆರಾ ಕೋರ್ಸು ಮುಗಿಯುವಷ್ಟರಲ್ಲಿ ಹಳತಾಗಿರುತ್ತದೆ. ಕೊಡಿಸುವುದಾದರೆ ಗಟ್ಟಿ ಟ್ರೈಪಾಡ್, ಕಿವಿ ಮುಚ್ಚುವ ಹೆಡ್‌ಫೋನ್, ಒಂದು ರೆಕಾರ್ಡರ್, ಎರಡು ಹಾರ್ಡ್ ಡಿಸ್ಕ್ ಕೊಡಿಸಿ. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಡಿಸ್ಕ್ ಎರಡು ಯಾಕೆ ಎಂದರೆ, ಸೆಕೆಂಡಿಗೆ 100 ಮೆಗಾಬಿಟ್ಟಿನ ಸಾಧಾರಣ 4ಕೆ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. 64 ಜಿಬಿ ಕಾರ್ಡು ಎಂಬತ್ತೈದು ನಿಮಿಷಕ್ಕೆ ಭರ್ತಿ. ಶೂಟಿಂಗಿನ ನಡುವೆ ಕಾರ್ಡ್ ತುಂಬಿದಾಗ ‘ಕಾಪಿ ಆಗಿದೆ’ ಎಂದು ಒಬ್ಬ ಹೇಳುತ್ತಾನೆ, ಇನ್ನೊಬ್ಬ ಫಾರ್ಮ್ಯಾಟ್ ಮಾಡುತ್ತಾನೆ, ಕಾಪಿ ಆಗಿದ್ದದ್ದು ಹಿಂದಿನ ಕಾರ್ಡಿನದು. ತುಂಬಿದ ಕಾರ್ಡಿಗೆ ಕೆಂಪು ಟೇಪ್ ಸುತ್ತಿ, ಅದರಲ್ಲಿದ್ದದ್ದನ್ನು ಎರಡು ಡಿಸ್ಕಿಗೂ ಕಾಪಿ ಮಾಡಿ, ತೆರೆದು ನೋಡಿದ ಮೇಲೆ ಒಬ್ಬರೇ ಗೊತ್ತಾದ ವ್ಯಕ್ತಿ ಟೇಪ್ ಬಿಚ್ಚಬೇಕು. ಫೋನಿನಲ್ಲಿ ತೆಗೆದಿದ್ದರೆ ಇನ್ನೊಂದು ಕಾಟ: ಫೋನು ಫ್ರೇಮಿನ ವೇಗವನ್ನು ತಾನೇ ಏರಿಳಿಸುತ್ತದೆ, ಬೇರೆ ರೆಕಾರ್ಡರಿನ ಧ್ವನಿ ಬರಬರುತ್ತಾ ತುಟಿಯಿಂದ ಜಾರುತ್ತದೆ. ಎಡಿಟಿಂಗಿಗೆ ಮೊದಲೇ ಎಲ್ಲವನ್ನೂ ಸ್ಥಿರ 25ಕ್ಕೆ ಪರಿವರ್ತಿಸಿಕೊಳ್ಳಬೇಕು.

ಸೋದರಮಾವನ ಮಾತು ಪೂರ್ತಿ ತಪ್ಪಲ್ಲ. ಸೆಟ್ಟಿನಲ್ಲಿ ಕಲಿತವರೇ ಚಿತ್ರರಂಗದಲ್ಲಿ ಹೆಚ್ಚು. ಆದರೆ ಹೊಸ ಅಸಿಸ್ಟೆಂಟಿಗೆ ಬಹುಕಾಲ ಸಿಗುವುದು ಒಂದೇ ಕೆಲಸ, ತಪ್ಪು ಮಾಡಿ ನೋಡಲು ಅಲ್ಲಿ ಅವಕಾಶವಿಲ್ಲ. ಕಾಲೇಜು ಮಾರುವುದು ಆ ಅವಕಾಶವನ್ನು. ರಜೆಯಲ್ಲಿ ಸೆಟ್ಟು, ಉಳಿದಾಗ ಕ್ಲಾಸು ಎಂದರೆ ಎರಡೂ ಆಯಿತು. ಸಂಜೆ ಬಿಡುವಿದ್ದರೆ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ ಇದ್ದೇ ಇದೆ. ಎಲ್ಲಿಗೇ ಕಳಿಸಿದರೂ ಮೊದಲೇ ಎರಡು ವಿಷಯ ಕೇಳಿ: ರಾತ್ರಿ ಪ್ಯಾಕಪ್ ಆದ ಮೇಲೆ ಮನೆಗೆ ಗಾಡಿ ಯಾರು ಕಳಿಸುತ್ತಾರೆ, ಮತ್ತು ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರದ ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ. ಈ ಎರಡಕ್ಕೂ ತಡವರಿಸುವ ಕಡೆಗೆ ಕಳಿಸಬೇಡಿ.

ಇನ್ನು ಭಾನುವಾರ. ಕಬ್ಬನ್ ಪಾರ್ಕು ತೋಟಗಾರಿಕೆ ಇಲಾಖೆಯದು, ಶೂಟಿಂಗಿಗೆ ಅವರ ಅನುಮತಿ ಬೇಕು. ಟ್ರೈಪಾಡ್ ಬಿಡಿಸಿದ ಐದು ನಿಮಿಷಕ್ಕೆ ಕಾವಲುಗಾರ ಬಂದು ನಿಲ್ಲುತ್ತಾನೆ, ವಾದ ಮಾಡುವುದರಲ್ಲಿ ಬೆಳಕು ಹೋಗುತ್ತದೆ. ಮೆಟ್ರೊ ನಿಲ್ದಾಣದ ಕಥೆಯೂ ಇದೇ. ಡ್ರೋನ್ ಮಾತ್ರ ಬೇಡವೇ ಬೇಡ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಹೀಗೆ ಊರಿನ ಸುತ್ತ ವಿಮಾನದ ನೆಲೆಗಳಿವೆ, 2021ರ ಡ್ರೋನ್ ನಿಯಮದ ನಕ್ಷೆಯಲ್ಲಿ ಎಲ್ಲಿ ನಿಷೇಧದ ಕೆಂಪು, ಎಲ್ಲಿ ಅನುಮತಿ ಬೇಕಾದ ಹಳದಿ ಎಂದು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ನೋಡದೆ ಪುಟ್ಟ ಡ್ರೋನನ್ನೂ ಹಾರಿಸುವಂತಿಲ್ಲ. ಮೇಲಿನಿಂದ ಶಾಟ್ ಬೇಕೇ ಬೇಕೆಂದಿದ್ದರೆ ಎದುರು ಮನೆಯವರ ಮೂರನೇ ಮಹಡಿಯ ತಾರಸಿ ಕೇಳಿ ನೋಡಲಿ. ಬೆಳಿಗ್ಗೆ ಏಳರೊಳಗೆ, ಅವರು ಬಟ್ಟೆ ಒಣಹಾಕುವ ಮುಂಚೆ.