ಬಸಿರಿನಲ್ಲಿ ಕೊಲೆಸ್ಟ್ರಾಲ್ ಏರಿದೆ, ಬಿಪಿಯೂ ಏರುತ್ತಾ?

ಪ್ರಶ್ನೆ: ನನಗೆ 27 ವರ್ಷ. ಚೊಚ್ಚಲ ಬಸಿರು, ಈಗ 28 ವಾರ. ಆಫರ್ ಇದೆ ಅಂತ ಲ್ಯಾಬಿನಲ್ಲಿ ಪ್ಯಾಕೇಜ್ ಪರೀಕ್ಷೆ ಮಾಡಿಸಿದೆವು. ಕೊಲೆಸ್ಟ್ರಾಲ್ 258, ಟ್ರೈಗ್ಲಿಸರೈಡ್ 236 ಬಂದಿದೆ. ಬಿಪಿ 116/74, ಮೂತ್ರದಲ್ಲಿ ಪ್ರೋಟೀನ್ ಇಲ್ಲ. ನನ್ನ ಅಕ್ಕನಿಗೆ ಬಸಿರಿನಲ್ಲಿ ಬಿಪಿ ಏರಿ ಎಂಟನೇ ತಿಂಗಳಲ್ಲೇ ಹೆರಿಗೆ ಮಾಡಿಸಬೇಕಾಯಿತು. ಅತ್ತೆ ಹೆದರಿ ಪಂದಿಕರಿ ಪೂರ್ತಿ ನಿಲ್ಲಿಸಿದ್ದಾರೆ. ಕೊಲೆಸ್ಟ್ರಾಲಿಗೆ ಮಾತ್ರೆ ಬೇಕಾ?
– ಹೆಸರು ಬೇಡ, ವಿರಾಜಪೇಟೆ ತಾಲ್ಲೂಕು

ಉತ್ತರ: ಮಾತ್ರೆ ಬೇಡ. ರಿಪೋರ್ಟಿನಲ್ಲಿ ಅಚ್ಚಾಗಿರುವ 'ನಾರ್ಮಲ್' ಮಿತಿ ಬಸುರಿಯರಿಗೆ ಹಾಕಿದ್ದಲ್ಲ. ಬಸಿರಿನಲ್ಲಿ ರಕ್ತದ ಕೊಬ್ಬು ಏರುವುದು ಸಹಜ. ತಾಯಿಯ ಮೈ ಕೊಬ್ಬನ್ನು ಉರಿಸಿಕೊಂಡು ಸಕ್ಕರೆಯನ್ನು ಮಗುವಿಗೆ ಬಿಟ್ಟುಕೊಡುತ್ತದೆ. ಕೊನೆಯ ಮೂರು ತಿಂಗಳ ಹೊತ್ತಿಗೆ ಕೊಲೆಸ್ಟ್ರಾಲ್ ಕಾಲು ಭಾಗದಿಂದ ಅರ್ಧದಷ್ಟು ಜಾಸ್ತಿಯಾಗುತ್ತದೆ, ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟಾಗುತ್ತದೆ. ನಿಮ್ಮದು ಆ ಲೆಕ್ಕದೊಳಗೇ ಇದೆ. ಟ್ರೈಗ್ಲಿಸರೈಡ್ 500 ದಾಟಿದ್ದರೆ ಬೇರೆ ಮಾತು. ಸಾವಿರದ ಹತ್ತಿರ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯವಿದೆ.

ಅತ್ತೆಯವರ ಭಯ ಪೂರ್ತಿ ಸುಳ್ಳಲ್ಲ. ಅಕ್ಕನಿಗೆ ಬಂದದ್ದು ಬಹುಶಃ ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರುವ ಕಾಯಿಲೆ. ಅದು ಬಂದವರಲ್ಲಿ ಸರಾಸರಿ ಟ್ರೈಗ್ಲಿಸರೈಡ್ ಉಳಿದ ಬಸುರಿಯರಿಗಿಂತ ಜಾಸ್ತಿ ಇರುತ್ತದೆ, ಕೆಲವರಲ್ಲಿ ಬಿಪಿ ಏರುವ ಮೊದಲೇ. ಆದರೆ ಕಾಯಿಲೆಯ ಬೇರು ಇರುವುದು ಮಾಸಿನಲ್ಲಿ. ಮಾಸಿಗೆ ರಕ್ತ ಒಯ್ಯುವ ನಾಳಗಳು ಮೊದಲ ತಿಂಗಳುಗಳಲ್ಲಿ ಸರಿಯಾಗಿ ಅಗಲವಾಗದಿದ್ದರೆ, ಮಾಸು ಬಿಡುವ ಕೆಲವು ವಸ್ತುಗಳು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಆಗ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ. ಕೊಬ್ಬು ಆ ಪದರಕ್ಕೆ ಇನ್ನಷ್ಟು ಪೆಟ್ಟು ಕೊಡಬಹುದು. ಆದರೆ ಅದೇ 236 ಇದ್ದು ಆರಾಮಾಗಿ ಹೆತ್ತವರು ಎಷ್ಟೋ ಜನ. ಹಾಗಾಗಿ ಈ ಕಾಯಿಲೆ ಹಿಡಿಯಲು ನಾವು ಕೊಬ್ಬಿನ ಪರೀಕ್ಷೆ ಬರೆಯುವುದಿಲ್ಲ. ಪ್ಯಾಕೇಜಿನ ದುಡ್ಡು ಸುಮ್ನೆ ಹೋಯಿತು, ಅಲ್ವಾ?

ನೀವು ನೋಡಬೇಕಾದ್ದು ಬಿಪಿ. ಚೊಚ್ಚಲ ಬಸಿರು, ಅಕ್ಕನಿಗೂ ಬಂದಿತ್ತು. ಈ ಎರಡೂ ನನಗೆ ಆ 258ಕ್ಕಿಂತ ದೊಡ್ಡ ಸುದ್ದಿ. ಅಕ್ಕನ ವಿಷಯ ನಿಮ್ಮ ಡಾಕ್ಟರಿಗೆ ಹೇಳಿದ್ದೀರಾ? ಇಂಥವರಲ್ಲಿ ಕೆಲವರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಕೊಡುತ್ತೇವೆ. ಆದರೆ ಅದನ್ನು 16 ವಾರದೊಳಗೆ ಶುರು ಮಾಡಿದರೇ ಚೆನ್ನ. ಈಗ ನೀವಾಗಿಯೇ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆ ಬಿಡಬೇಡಿ, ಕಬ್ಬಿಣದ ಮಾತ್ರೆಯ ಜೊತೆಗೇ ಬೇಡ, ಬೇರೆ ಹೊತ್ತಿನಲ್ಲಿ ತಗೊಳ್ಳಿ.

ಬಿಪಿ ನೋಡುವುದರಲ್ಲೂ ಒಂದು ಕ್ರಮ ಇದೆ. ನಮ್ಮ ಚಳಿಗೆ ಸ್ವೆಟರ್ ತೋಳಿನ ಮೇಲೇ ಪಟ್ಟಿ ಸುತ್ತಿಸಿಕೊಳ್ಳುವವರನ್ನು ದಿನಾ ನೋಡುತ್ತೇನೆ. ತೋಳು ಬಿಚ್ಚಿ. ತೋಟದ ಏರು ಹತ್ತಿ ಬಂದ ತಕ್ಷಣ ಬೇಡ, ಐದು ನಿಮಿಷ ಬೆನ್ನು ಒರಗಿಸಿ ಕೂತುಕೊಳ್ಳಿ. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಮಾತು ಬೇಡ. 140/90 ಅಥವಾ ಹೆಚ್ಚು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಅಲ್ಲಿ ಮತ್ತೆ ನೋಡುತ್ತಾರೆ. 160/110 ಬಂದರೆ ಒಂದು ಗಂಟೆಯೂ ಕಾಯಬೇಡಿ. ಬಿಡದ ತಲೆನೋವು, ಕಣ್ಣ ಮುಂದೆ ಮಿಂಚು, ಬಲ ಪಕ್ಕೆಲುಬಿನ ಕೆಳಗೆ ನೋವು, ಇದ್ದಕ್ಕಿದ್ದಂತೆ ಮುಖ ಊದುವುದು, ಮಗುವಿನ ಓಡಾಟ ಕಮ್ಮಿ ಆಗುವುದು, ಇವಿದ್ದರೆ ಬಿಪಿ ಎಷ್ಟೇ ಇರಲಿ, ಹೊರಡಿ.

ಮಳೆಗಾಲದಲ್ಲಿ ಹೆರಿಗೆ ಆಗುವುದಾದರೆ ಕೊನೆಯ ವಾರಗಳಲ್ಲಿ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿ ಇದ್ದುಬಿಡಿ. ಮರ ಬಿದ್ದ ರಸ್ತೆಯಲ್ಲಿ 108 ಕೂಡ ನಿಲ್ಲಲೇಬೇಕು. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇದೆ. ತಾಯಿ ಕಾರ್ಡ್ ಮರೆಯಬೇಡಿ.

ಪಂದಿಕರಿ? ವಾರಕ್ಕೊಮ್ಮೆ, ಕೊಬ್ಬಿನ ತುಂಡು ಪಕ್ಕಕ್ಕಿಟ್ಟು, ಚೆನ್ನಾಗಿ ಬೆಂದದ್ದು ತಿನ್ನಿ. ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿದರೆ ಏನೂ ತೊಂದರೆಯಿಲ್ಲ. ಕೊಲೆಸ್ಟ್ರಾಲನ್ನು ಹೆರಿಗೆಯಾಗಿ ಮೂರು ತಿಂಗಳ ನಂತರ ಒಮ್ಮೆ ನೋಡಿಸಿ. ಬಿಪಿ ಮಾತ್ರ ಹೆರಿಗೆಯಾದ ಮೊದಲ ವಾರದಲ್ಲೇ ನೋಡಿಸಬೇಕು. ಈ ಕಾಯಿಲೆ ಬಾಣಂತನದಲ್ಲೂ ಶುರುವಾಗಬಹುದು.