ಸಂಪಾದಕರ ಉತ್ತರ: ‘ಅಂಗನವಾಡಿ ಮಿಸ್ ಆಗ್ತೀನಿ’ ಅಂದ ಹುಡುಗಿಯ ಬಗ್ಗೆ

(ಅರಸೀಕೆರೆ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಪತ್ರದ ಸಾರ: “ಮುಂದೆ ಏನಾಗ್ತೀರಿ ಅಂತ ಹತ್ತನೇ ತರಗತಿಯಲ್ಲಿ ಕೇಳಿದೆ. ಚೆನ್ನಾಗಿ ಓದುವ ಹುಡುಗಿಯೊಬ್ಬಳು ಎದ್ದು ‘ಅಂಗನವಾಡಿ ಮಿಸ್ ಆಗ್ತೀನಿ’ ಅಂದಳು. ಇಡೀ ಕ್ಲಾಸು ನಕ್ಕಿತು. ನನಗೂ ಏನು ಹೇಳಬೇಕೆಂದು ತೋಚದೆ ‘ಸರಿ, ಕೂತ್ಕೊ’ ಅಂದುಬಿಟ್ಟೆ. ಅವತ್ತಿನಿಂದ ಆ ಹುಡುಗಿಯ ಮುಖ ಕಣ್ಣಮುಂದಿದೆ. ನಿಮ್ಮ ಕೋರ್ಸ್ ಮಾರ್ಗದರ್ಶಿ ಸಂಚಿಕೆಯಲ್ಲಿ ಹುಡುಕಿದರೆ ಈ ವೃತ್ತಿಯ ಬಗ್ಗೆ ಒಂದು ಸಾಲೂ ಇಲ್ಲ. ಅವಳಿಗೆ ಹೂಂ ಅನ್ನಲೇ, ಬೇಡ ಅನ್ನಲೇ? ಹೂಂ ಅನ್ನುವುದಾದರೆ ಈಗಿನಿಂದ ಏನು ಕಲಿಸಲಿ?”)

ಮೇಡಂ, ಮಾರ್ಗದರ್ಶಿ ಸಂಚಿಕೆಯ ಆ ಕೊರತೆ ನಮ್ಮದೇ ತಪ್ಪು. ಪಟ್ಟಿ ಮಾಡಲು ಕೂತಾಗ ಎಂಜಿನಿಯರಿಂಗ್‌ನಿಂದ ಹಿಡಿದು ಹೋಟೆಲ್ ಮ್ಯಾನೇಜ್‌ಮೆಂಟ್‌ವರೆಗೆ ಎಲ್ಲ ನೆನಪಾಯಿತು. ಮೂರು ವರ್ಷದ ಮಗುವಿಗೆ ಕಲಿಸುವ ಕೆಲಸ ನಮ್ಮ ಮೇಜಿನ ಸುತ್ತ ಕೂತ ಒಬ್ಬರಿಗೂ ನೆನಪಾಗಲಿಲ್ಲ. ನಿಮ್ಮ ಮಕ್ಕಳು ನಕ್ಕಿದ್ದರ ಹಿಂದೆಯೂ ಇದೇ ಮರೆವು ಇದೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ವಿದ್ಯೆ ಬೇಕಿಲ್ಲ, ಹೆಂಗಸಾಗಿದ್ದರೆ ಸಾಕು ಅಂತ ಊರು ತಿಳಿದುಕೊಂಡಿದೆ. ನಾನೂ ಬಹುಕಾಲ ಹಾಗೇ ತಿಳಿದಿದ್ದೆ.

ಆ ತಿಳಿವಳಿಕೆ ತಪ್ಪೆಂದು ಗೊತ್ತಾಗಿದ್ದು ವರದಿಯೊಂದಕ್ಕಾಗಿ ತಿಪಟೂರು ಕಡೆಯ ಅಂಗನವಾಡಿಯಲ್ಲಿ ಅರ್ಧ ದಿನ ಕೂತಾಗ. ಹೊಸದಾಗಿ ಬಂದ ಹುಡುಗನೊಬ್ಬ ಬಾಗಿಲಲ್ಲಿ ಅಮ್ಮನ ಸೆರಗು ಹಿಡಿದು ಕಿರುಚುತ್ತಿದ್ದ. ಕಾರ್ಯಕರ್ತೆ ಅವನನ್ನು ಎಳೆಯಲಿಲ್ಲ, ಚಾಕೊಲೇಟ್ ತೋರಿಸಲಿಲ್ಲ, ‘ಬಾ ಪುಟ್ಟಾ’ ಅಂತ ಕರೆಯಲೂ ಇಲ್ಲ. ಬಾಗಿಲಿಗೆ ಅರ್ಧ ಬೆನ್ನು ಮಾಡಿ ಕೂತು, ಒಂದು ಸ್ಟೀಲ್ ಬಟ್ಟಲಿನಿಂದ ಇನ್ನೊಂದಕ್ಕೆ ಹುಣಸೆಬೀಜ ಹಾಕತೊಡಗಿದರು. ಒಂದೊಂದೇ. ಟಿಣ್, ಟಿಣ್. ಐದಾರು ನಿಮಿಷದಲ್ಲಿ ಅಳು ಬಿಕ್ಕಾಯಿತು. ಆಮೇಲೆ ಹುಡುಗ ಒಂದು ಹೆಜ್ಜೆ ಒಳಗಿಟ್ಟ, ಇನ್ನೊಂದು ಇಟ್ಟ, ಕೊನೆಗೆ ತಾನೂ ಕೂತು ಒಂದು ಬೀಜ ಎತ್ತಿ ಹಾಕಿದ. ಅಮ್ಮ ಹೇಳಿಯೇ ಹೋದಳು. ಕಣ್ತಪ್ಪಿಸಿ ಹೋಗಬಾರದು ಅಂತ ಕಾರ್ಯಕರ್ತೆ ಅವಳಿಗೆ ಮೊದಲೇ ಹೇಳಿದ್ದರಂತೆ. ಆಟ ಮುಗಿದ ಮೇಲೆ ಅವರು ಬೀಜಗಳನ್ನು ಎಣಿಸಿದರು. ಯಾಕೆಂದು ಕೇಳಿದೆ. “ಒಂದು ಸಲ ಒಂದು ಮಗು ಮೂಗಿಗೆ ಹಾಕ್ಕೊಂಡಿತ್ತು ಸಾರ್, ಅವತ್ತಿನಿಂದ ಎಣಿಸಿ ಕೊಡ್ತೀನಿ, ಎಣಿಸಿ ತಗೋತೀನಿ” ಅಂದರು.

ಆ ಅರ್ಧ ಗಂಟೆಯಲ್ಲಿ ಮಗುವಿನ ಮನಸ್ಸು, ಬೆರಳಿನ ಹಿಡಿತ, ಎಣಿಕೆ, ಸುರಕ್ಷತೆ ಎಲ್ಲ ಇತ್ತು. ಇದನ್ನು ವಿದ್ಯೆ ಅನ್ನದೆ ಬೇರೇನು ಅನ್ನೋಣ?

ಈ ವಿದ್ಯೆಗೆ ನಮ್ಮ ದೇಶದಲ್ಲಿ ಒಂದು ಪರಂಪರೆಯೂ ಇದೆ. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ಎಂಬ ಪುಟ್ಟ ಮಕ್ಕಳ ಶಾಲೆ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಕೇಂದ್ರ ಆರಂಭಿಸಿದಾಗ ಅನುತಾಯಿ ವಾಘ್ ಜೊತೆಗೂಡಿದರು. ಆದಿವಾಸಿ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಈ ಇಬ್ಬರೂ ಬಾಲವಾಡಿಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಹೆಸರಿನೊಳಗಿನ ‘ಅಂಗಳ’ ಅದೇ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಟಿ. ನರಸೀಪುರ. ಇದಿಷ್ಟನ್ನು ಆ ನಕ್ಕ ಕ್ಲಾಸಿಗೆ ಒಂದು ಪೀರಿಯಡ್‌ನಲ್ಲಿ ಹೇಳಿಬಿಡಿ.

ಇನ್ನು ಈಗಿನಿಂದ ಏನು ಕಲಿಸುವುದು? ನನ್ನ ಉತ್ತರ ಒಂದೇ: ಮೊದಲು ನೋಡುವುದನ್ನು ಕಲಿಸಿ. ನಿಮ್ಮ ಶಾಲೆಯ ಆಸುಪಾಸಿನಲ್ಲೇ ಒಂದು ಅಂಗನವಾಡಿ ಇದ್ದೀತು. ಮುಖ್ಯೋಪಾಧ್ಯಾಯರ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಅನುಮತಿ ಪಡೆದು, ವಾರಕ್ಕೊಮ್ಮೆ ಒಂದು ಗಂಟೆ ಅವಳು ಅಲ್ಲಿ ಕೂರಲಿ. ಕೈಯಲ್ಲಿ ಒಂದು ನೋಟ್‌ಬುಕ್. ಮೊದಲ ತಿಂಗಳು ಕಲಿಸುವುದು ಬೇಡ, ಹಾಡು ಹೇಳಿಕೊಡುವುದೂ ಬೇಡ. ಒಂದೇ ಮಗುವನ್ನು ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆಯಲಿ. ‘ಮಗು ಹಟಮಾರಿ’ ಅಂತ ಬರೆದರೆ ಅದು ತೀರ್ಪು. ‘ಚೆಂಡು ಕಿತ್ತುಕೊಂಡಾಗ ನೆಲಕ್ಕೆ ಕೂತ, ಎರಡು ನಿಮಿಷ ಅತ್ತ, ಆಮೇಲೆ ಗೋಡೆಯ ಆನೆ ಚಿತ್ರ ಮುಟ್ಟಿ ನೋಡಿದ’ ಅಂತ ಬರೆದರೆ ಅದು ಗಮನ. ಈ ಎರಡರ ನಡುವಿನ ವ್ಯತ್ಯಾಸ ಹದಿನೈದರ ಹರೆಯದಲ್ಲೇ ಗೊತ್ತಾದರೆ ಮುಂದೆ ಯಾವ ತರಬೇತಿಗೆ ಹೋದರೂ ಅವಳು ಒಂದು ಹೆಜ್ಜೆ ಮುಂದಿರುತ್ತಾಳೆ.

ಒಂದು ಎಚ್ಚರಿಕೆ. ಅವಳು ಇನ್ನೂ ವಿದ್ಯಾರ್ಥಿನಿ, ತಾನೇ ಹದಿನೆಂಟು ತುಂಬದವಳು. ಸಹಾಯಕಿ ರಜೆ ಹಾಕಿದ ದಿನ ಮಕ್ಕಳನ್ನು ಅವಳ ಕೈಗೆ ಬಿಟ್ಟು ಹೋಗುವುದು, ಪಾತ್ರೆ ತೊಳೆಸುವುದು ಆಗಕೂಡದು. ಕಾರ್ಯಕರ್ತೆಯ ಕಣ್ಣೆದುರಿಗೇ ಇರಲಿ. ಕಲಿಯಲು ಹೋದ ಮಕ್ಕಳನ್ನು ಬಿಟ್ಟಿ ಕೆಲಸಕ್ಕೆ ಹಚ್ಚುವುದು ನಮ್ಮಲ್ಲಿ ಬಹಳ ಸುಲಭವಾಗಿ ನಡೆದುಬಿಡುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಪಾಠಗಳಿಗೂ ಅಲ್ಲಿ ಸಾಮಗ್ರಿ ಸಿಗುತ್ತದೆ. ಅಂಗನವಾಡಿಯ ಬೆಳವಣಿಗೆ ಚಾರ್ಟ್ ಅಂದರೆ ಗಣಿತದ ನಕ್ಷೆಯೇ: ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ತೂಕ. ಗೆರೆ ಏರದೆ ಮಟ್ಟಸವಾಗಿ ಸಾಗಿದರೆ ಏನರ್ಥ ಅಂತ ಕೇಳಿ ನೋಡಿ. ಮಗುವಿನ ತೋಳಿಗೆ ಸುತ್ತುವ ಅಳತೆಪಟ್ಟಿಯಲ್ಲಿ 11.5 ಸೆಂಟಿಮೀಟರ್‌ಗಿಂತ ಕೆಳಗೆ ಕೆಂಪು, 12.5ರವರೆಗೆ ಹಳದಿ, ಅದರ ಮೇಲೆ ಹಸಿರು. ಆ ಕೆಂಪಿಗೂ ಹಸಿರಿಗೂ ನಡುವೆ ಇರುವ ಒಂದು ಸೆಂಟಿಮೀಟರ್ ಏನೆಂದು ಅಲ್ಲಿ ಕಂಡವರಿಗೆ ಜೀವಶಾಸ್ತ್ರದ ಪೋಷಣೆಯ ಪಾಠ ಬಾಯಿಪಾಠ ಮಾಡಬೇಕಾಗಿ ಬರುವುದಿಲ್ಲ.

ಇನ್ನೊಂದನ್ನು ಅವಳು ಈಗಲೇ ತಿಳಿಯಬೇಕು. ಮೂರು ವರ್ಷದ ಮಗುವಿಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಎಬಿಸಿಡಿ ಬರೆಸುವುದು ಶಿಕ್ಷಣವಲ್ಲ. ಮಣಿಕಟ್ಟಿನ ಎಷ್ಟೋ ಮೂಳೆಗಳು ಆ ವಯಸ್ಸಿಗೆ ಇನ್ನೂ ಗಟ್ಟಿಯಾಗದೆ ಮೃದ್ವಸ್ಥಿಯಾಗಿಯೇ (ಮೆತ್ತನೆಯ ಎಲುಬಾಗಿ) ಇರುತ್ತವೆ. ಮಣ್ಣು ನಾದುವುದು, ಮಣಿ ಪೋಣಿಸುವುದು, ಅವರೆಕಾಯಿ ಸುಲಿಯುವುದು, ಮರಳಲ್ಲಿ ಗೆರೆ ಎಳೆಯುವುದು ಮೊದಲು, ಅಕ್ಷರ ಆಮೇಲೆ. ಎಲ್‌ಕೆಜಿ ಮಗುವಿನ ಹೋಮ್‌ವರ್ಕ್ ಪುಸ್ತಕ ತೋರಿಸಿ ಹೆಮ್ಮೆ ಪಡುವ ತಂದೆತಾಯಿಗೆ ಇದನ್ನು ಸಮಾಧಾನವಾಗಿ ವಿವರಿಸಬಲ್ಲ ಟೀಚರ್‌ಗಳು ನಮಗೆ ಬೇಕಾಗಿದ್ದಾರೆ. ಹಾಗೆಯೇ ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ಕನ್ನಡದ ಅಂಗನವಾಡಿಯಲ್ಲಿ ಮೊದಲ ತಿಂಗಳು ಮೌನವಾಗಿ ಕೂತರೆ ಅದು ದಡ್ಡತನವಲ್ಲ. ನಿಮ್ಮ ಹುಡುಗಿ ಆ ಭಾಷೆಯ ಹತ್ತು ಮಾತು ಕಲಿತುಕೊಂಡರೆ ಸಾಕು, ಮಗು ತಿರುಗಿ ನೋಡುತ್ತದೆ.

ಮುಂದಿನ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ಅಂಗನವಾಡಿ ಕಾರ್ಯಕರ್ತೆಯಾಗಲು ಈಗ ಪಿಯುಸಿ ಆಗಿರಬೇಕು, ಸ್ಥಳೀಯರಾಗಿರಬೇಕು. ಶಿಕ್ಷಕಿಯಾಗಿ ಬೆಳೆಯುವ ಮನಸ್ಸಿದ್ದರೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ) ನಿಯಮದ ಪ್ರಕಾರ ಪಿಯುಸಿಯಲ್ಲಿ ಶೇ 50 ಅಂಕ ಪಡೆದು 2 ವರ್ಷದ ಶಾಲಾಪೂರ್ವ ಶಿಕ್ಷಣ ಡಿಪ್ಲೊಮಾ ಸೇರಬಹುದು. ಪಿಯುಸಿ ನಂತರದ ನಾಲ್ಕು ವರ್ಷದ ಸಂಯೋಜಿತ ಬಿಇಡಿಯಲ್ಲೂ ಬುನಾದಿ ಹಂತದ (ಮೂರರಿಂದ ಎಂಟು ವರ್ಷದ ಮಕ್ಕಳ) ಆಯ್ಕೆ ಇದೆ. ಗೃಹವಿಜ್ಞಾನದಲ್ಲಿ ಆಸಕ್ತಿ ಇದ್ದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ಮಾನವ ಅಭಿವೃದ್ಧಿ ವಿಭಾಗವಿದೆ. ‘ಎನ್‌ಟಿಟಿ’ (ನರ್ಸರಿ ಟೀಚರ್ ತರಬೇತಿ) ಎಂಬ ಬೋರ್ಡು ನೇತುಹಾಕಿ ಮೂರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುವವರ ಹತ್ತಿರ ಹಣ ಕಟ್ಟುವ ಮುಂಚೆ ಮಾನ್ಯತೆಯ ಪತ್ರ ಕೇಳಿ ಓದಲಿ. ಕಿವಿಮಾತಲ್ಲ, ಇದು ನನ್ನ ಕಳಕಳಿಯ ಬೇಡಿಕೆ.

ಹುಡುಗರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಗನವಾಡಿ ಹುದ್ದೆ ಮಹಿಳೆಯರಿಗೆ ಮೀಸಲು. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಎಂದು ಕರೆದಿದೆ. ಒಂದು-ಎರಡನೇ ತರಗತಿಯ ಮೇಷ್ಟ್ರೂ ಅದರೊಳಗೇ ಬರುತ್ತಾರೆ. ಗಿಜುಭಾಯಿ ವಕೀಲಿಕೆ ಬಿಟ್ಟು ಬಂದ ಗಂಡಸೇ. ನಕ್ಕ ಹುಡುಗರಲ್ಲಿ ಒಬ್ಬನನ್ನಾದರೂ ಜೊತೆಗೆ ಕಳಿಸಿ.

ಇನ್ನು ದುಡ್ಡಿನ ಮಾತು. ಮುಚ್ಚಿಟ್ಟರೆ ಆ ಹುಡುಗಿಗೆ ಮೋಸ ಮಾಡಿದಂತಾಗುತ್ತದೆ. ಕಾರ್ಯಕರ್ತೆಯರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕೇಂದ್ರ ಸರ್ಕಾರ ನಿಗದಿ ಮಾಡಿದ ತಿಂಗಳ ಮೊತ್ತ 2018ರ ಅಕ್ಟೋಬರಿನಲ್ಲಿ 3,000 ರೂಪಾಯಿಯಿಂದ 4,500ಕ್ಕೆ ಏರಿತು. ರಾಜ್ಯ ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. ಅಷ್ಟಕ್ಕೆ ಪಾಠ, ಊಟ, ತೂಕ, ಗರ್ಭಿಣಿ-ಬಾಣಂತಿಯರ ಲೆಕ್ಕ, ಈ ವಿವರಗಳನ್ನು ತುಂಬುವ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್ ಎಲ್ಲ ಮಾಡಬೇಕು. 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಪ್ರತಿಭಟನೆಗೆ ಕೂತು ದಿನಗಟ್ಟಲೆ ಮಲಗಿದವರು ಇವರೇ. ಅವರು ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸಿಗುವ ಇಡುಗಂಟಿಗೆ) ಅರ್ಹರು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಅದು ದೊಡ್ಡ ಗೆಲುವು. ಆದರೂ ಮಾಡುವ ಕೆಲಸಕ್ಕೆ ತಕ್ಕ ಬೆಲೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ನನ್ನ ಸಲಹೆ: ಹೂಂ ಅನ್ನಿ, ಆದರೆ ಪಿಯುಸಿಗೆ ಓದು ನಿಲ್ಲಿಸಲು ಬಿಡಬೇಡಿ. ಡಿಪ್ಲೊಮಾ ಅಥವಾ ಪದವಿ ಕೈಯಲ್ಲಿದ್ದರೆ ಅಂಗನವಾಡಿ, ಶಾಲೆ, ತರಬೇತಿ ಸಂಸ್ಥೆ ಯಾವುದನ್ನು ಬೇಕಾದರೂ ಅವಳೇ ಆರಿಸಿಕೊಳ್ಳಬಹುದು. ಅಂಗಳವನ್ನು ಇಷ್ಟಪಟ್ಟು ಆರಿಸಿಕೊಳ್ಳುವುದು ಬೇರೆ, ಬೇರೆ ದಾರಿಯಿಲ್ಲದೆ ಅಲ್ಲಿ ನಿಲ್ಲುವುದು ಬೇರೆ.

ಅವಳನ್ನು ಒಮ್ಮೆ ಕರೆದು, ಅವತ್ತು ‘ಕೂತ್ಕೊ’ ಅಂದದ್ದಕ್ಕೆ ನೀವು ನೊಂದುಕೊಂಡಿದ್ದೀರಿ ಅಂತ ಅವಳಿಗೇ ಹೇಳಿ. ನೋಟ್‌ಬುಕ್ಕಿನ ಮೊದಲ ತಿಂಗಳು ತುಂಬಿದ ಮೇಲೆ, ಅವಳೂ ಅವಳ ಮನೆಯವರೂ ಒಪ್ಪಿದರೆ, ಮಕ್ಕಳ ಹೆಸರು ತೆಗೆದು ನಾಲ್ಕು ಪುಟ ನಮಗೆ ಕಳಿಸಿಕೊಡಿ. ಮುಂದಿನ ಕೋರ್ಸ್ ಮಾರ್ಗದರ್ಶಿಯನ್ನು ಆ ಪುಟಗಳಿಂದಲೇ ಶುರು ಮಾಡುತ್ತೇವೆ.

— ಸಂಪಾದಕ