ಹಳೆ ರೆಸಿನ್ ಕಿಟ್‌ನ ರೆಕ್ಕೆ ತುಂಬಾ ಸಣ್ಣ ತೂತು, ಯಾವ ಪುಟ್ಟಿ ಹಾಕಲಿ?

ರೆಕ್ಕೆ ಅಂಚಿನುದ್ದಕ್ಕೂ ಸೂಜಿ ಚುಚ್ಚಿದಂಥ ತೂತು, ತುದಿ ಸ್ವಲ್ಪ ಸೊಟ್ಟ, 1990ರ ದಶಕದ ಮಾದರಿ ವಿಮಾನದ ಕಿಟ್, ರೆಸಿನ್ ಅನ್ನುವ ಪ್ಲಾಸ್ಟಿಕ್ ದ್ರವವನ್ನು ಅಚ್ಚಿಗೆ ಹೊಯ್ದು ಮಾಡಿದ್ದು. ರೆಸಿನ್ ಹಳೆಯದಾಗಿ ಹೀಗಾಗಿದೆಯಾ, ಯಾವ ಪುಟ್ಟಿ ಹಾಕಿದರೆ ಮುಚ್ಚುತ್ತೆ, ಇಲ್ಲಾ ಬಿಸಾಡೋದೇ ವಾಸಿಯಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ನಾನು ಕೈಯಾರೆ ಹಾಳು ಮಾಡಿದ ಒಂದು ರೆಕ್ಕೆ ಕಣ್ಣ ಮುಂದೆ ಬಂತು. ಹಲವು ವರ್ಷಗಳ ಹಿಂದೆ ನಾನೂ ಕೇಳಿದ್ದು ಇದೇ ಪ್ರಶ್ನೆ. ಒಳ್ಳೆಯ ಪುಟ್ಟಿಯ ಹೆಸರೂ ಸಿಕ್ಕಿತ್ತು. ತಂದು ಹಾಕಿದೆ. ರೆಕ್ಕೆ ಹೋಯಿತು. ಪುಟ್ಟಿಯದೇನೂ ತಪ್ಪಿರಲಿಲ್ಲ.

ನನ್ನ ಕಿಟ್ ಸೂಪರ್‌ಮೆರೀನ್ ಎಸ್.6ಬಿ, 1/48 ಸ್ಕೇಲ್, ಅಂದರೆ ನಿಜವಾದ ವಿಮಾನದ 48ನೇ ಒಂದು ಭಾಗದಷ್ಟು. ನೀರಿನ ಮೇಲಿಂದ ಏಳುವ ರೇಸ್ ವಿಮಾನ ಅದು. 1931ರ ಸೆಪ್ಟೆಂಬರ್‌ನಲ್ಲಿ ನೀರಿನಿಂದ ಏಳುವ ವಿಮಾನಗಳ ರೇಸ್ ಆದ ಷ್ನೈಡರ್ ಟ್ರೋಫಿ ಗೆದ್ದು, ಅದೇ ತಿಂಗಳ ಕೊನೆಗೆ ಗಂಟೆಗೆ 400 ಮೈಲಿ ದಾಟಿದ ಮೊದಲ ವಿಮಾನ ಅನ್ನಿಸಿಕೊಂಡಿತು. ರೇಡಿಯೇಟರ್ ಹೊರಗೆ ಚಾಚಿದರೆ ಗಾಳಿಗೆ ಅಡ್ಡ ಅಂತ ರೆಕ್ಕೆಯ ಮೈಯನ್ನೇ ರೇಡಿಯೇಟರ್ ಮಾಡಿದ್ದರು. ಎರಡು ಪದರ ಲೋಹದ ತಗಡಿನ ನಡುವೆ ಇಂಜಿನ್‌ನ ಬಿಸಿನೀರು ಹರಿಯುತ್ತಿತ್ತು. ಹಾಗಾಗಿ ಆ ರೆಕ್ಕೆ ಅಂದರೆ ನುಣ್ಣಗಿನ ಬೆಳ್ಳಿ ಮೈ, ಅಷ್ಟೇ. ಮರೆಮಾಚಲು ಬಣ್ಣದ ಪಟ್ಟೆ ಇಲ್ಲ, ಕೊಳೆಯ ಕಲೆ ಇಲ್ಲ. ನನಗೆ ಆ ವಿಮಾನದ ಮೇಲೆ ಪ್ರೀತಿ ಹುಟ್ಟಿದ್ದೇ ಆ ರೆಕ್ಕೆಯಿಂದ.

ಕಿಟ್‌ನಲ್ಲಿ ಒಂದೊಂದು ರೆಕ್ಕೆ ಎಂಟು ಸೆಂಟಿಮೀಟರ್‌ಗಿಂತ ಸ್ವಲ್ಪ ಉದ್ದ. ಮುಂದಿನ ಅಂಚಿನುದ್ದಕ್ಕೂ ತೂತುಗಳ ಸಾಲು. ಹೆಚ್ಚಿನವು ಪೆನ್ಸಿಲ್ ಮೊನೆಯಿಂದ ಇಟ್ಟ ಚುಕ್ಕೆಯಷ್ಟೇ ದೊಡ್ಡವು. ಇಷ್ಟು ಚಿಕ್ಕ ತೂತಿಗೆ ಏನು ಮಹಾ ಕೆಲಸ ಅಂದುಕೊಂಡೆ. ಟ್ಯೂಬಿನಲ್ಲಿ ಬರುವ, ಥಿನ್ನರ್ ವಾಸನೆಯ ಬೂದು ಪುಟ್ಟಿಯನ್ನು ಬೆರಳಲ್ಲಿ ತೆಗೆದು ಅಂಚಿನ ಮೇಲೆ ಎಳೆದೆ. ಒಣಗಿದ ಮೇಲೆ ಉಜ್ಜಿದೆ. ತೂತು ಒಂದೂ ಕಾಣಲಿಲ್ಲ. ಪ್ರೈಮರ್ ಹೊಡೆದೆ, ಚೆನ್ನಾಗಿತ್ತು. ಹೊಳೆಯುವ ಕಪ್ಪು ಹೊಡೆದೆ, ಅದರ ಮೇಲೆ ಬೆಳ್ಳಿ ಬಣ್ಣ. ಆ ದಿನ ರಾತ್ರಿ ದೀಪದ ಕೆಳಗೆ ಹಿಡಿದು ನೋಡಿದಾಗ ಆದ ಸಂತೋಷ ಇವತ್ತಿಗೂ ನೆನಪಿದೆ.

ಮೂರು ವಾರ ಕಳೆದಿರಬೇಕು. ಅಂಚಿನಲ್ಲಿ ಸಣ್ಣ ಸಣ್ಣ ಕುಳಿಗಳು ಕಂಡವು, ಸಿಡುಬಿನ ಕಲೆಯ ಹಾಗೆ. ಬಣ್ಣ ಚೆನ್ನಾಗಿ ಗಟ್ಟಿಯಾಗಲಿ ಅಂತ ಕಿಟಕಿ ಪಕ್ಕ ಬಿಸಿಲಲ್ಲಿ ಇಟ್ಟೆ. ಸಂಜೆ ನೋಡಿದರೆ ಎರಡು ಕಡೆ ಬಣ್ಣ ಬೊಕ್ಕೆ ಎದ್ದಿತ್ತು. ಉಗುರು ತಾಗಿಸಿದೆ. ಬೊಕ್ಕೆ ಒಡೆದು, ಅದರ ಜೊತೆ ಪುಟ್ಟಿಯ ತೆಳ್ಳನೆಯ ಮುಚ್ಚಳವೂ ಹೊಪ್ಪಳೆಯ ಹಾಗೆ ಎದ್ದು ಬಂತು. ಕೆಳಗಿದ್ದ ತೂತು ಹಾಗೇ ಇತ್ತು, ಖಾಲಿ.

ನನ್ನ ತಪ್ಪು ಇರುವುದು ಇಲ್ಲೇ. ಆ ತೂತಿನ ಆಕಾರ ಹೇಗಿರುತ್ತೆ ಅಂತ ನಾನು ಯೋಚಿಸಿರಲೇ ಇಲ್ಲ. ನಾವು ನೋಡುವುದು ಬಾಯಿ ಮಾತ್ರ. ಒಳಗಿರುವುದು ಒಂದು ಗಾಳಿಗುಳ್ಳೆ, ಉರುಟಾಗಿ. ಮಡಕೆಯ ಹಾಗೆ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಮೇಲೆ 0.2 ಮಿ.ಮೀ. ಕಂಡರೆ ಒಳಗೆ 1 ಮಿ.ಮೀ. ಇರಬಹುದು. ಮಡಕೆ ಬಾಯಿಗೆ ಬಟ್ಟೆ ಕಟ್ಟಿದರೆ ಮಡಕೆ ತುಂಬುವುದಿಲ್ಲ, ಅಲ್ವಾ? ನಾನು ಮಾಡಿದ್ದು ಅದನ್ನೇ. ಪುಟ್ಟಿ ಒಳಗೆ ಹೋಗಬೇಕಾದರೆ ಒಳಗಿನ ಗಾಳಿ ಹೊರಗೆ ಬರಬೇಕು. ಅಷ್ಟು ಚಿಕ್ಕ ಬಾಯಿಯಲ್ಲಿ ಎರಡೂ ಒಟ್ಟಿಗೆ ಆಗುವುದಿಲ್ಲ. ಪುಟ್ಟಿ ಮೇಲೇ ಕೂತಿತು. ಆಮೇಲೆ ನಾನು ಉಜ್ಜಿ ಉಜ್ಜಿ ಅದನ್ನು ಕಾಗದಕ್ಕಿಂತ ತೆಳ್ಳಗೆ ಮಾಡಿದೆ. ಥಿನ್ನರ್ ಇರುವ ಪುಟ್ಟಿ ಒಣಗುವುದು ಅಂದರೆ ಥಿನ್ನರ್ ಆರಿಹೋಗುವುದು. ಅದು ಆರಿದಷ್ಟೂ ಪುಟ್ಟಿ ಕುಗ್ಗುತ್ತದೆ, ಬಣ್ಣದ ಕೆಳಗೂ ದಿನಗಟ್ಟಲೆ ಕುಗ್ಗುತ್ತಿರುತ್ತದೆ. ಕುಳಿ ಬಿದ್ದದ್ದು ಅದಕ್ಕೆ. ಬಿಸಿಲಿಗಿಟ್ಟಾಗ ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಮುಚ್ಚಳವನ್ನು ಮೇಲಕ್ಕೆ ತಳ್ಳಿತು. ಬೊಕ್ಕೆ ಎದ್ದದ್ದು ಅದಕ್ಕೆ. ಬೇರೆ ಪುಟ್ಟಿ ಹಾಕಿದ್ದರೆ ಇನ್ನೊಂದು ತಿಂಗಳು ತಡೆಯುತ್ತಿತ್ತೇನೋ. ಒಳಗಿನ ಮಡಕೆ ಮಾತ್ರ ಖಾಲಿಯೇ ಇರುತ್ತಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ರೆಕ್ಕೆ ಉಳಿಯುತ್ತಿತ್ತು. ನಾನು ಸಿಟ್ಟಿನಲ್ಲಿ ಬಣ್ಣ ಕೆರೆದು, ತೂತಿನ ತಳ ಸಿಗುವವರೆಗೂ ಉಜ್ಜಿಬಿಡೋಣ ಅಂತ ಒರಟು ಸ್ಯಾಂಡ್ ಪೇಪರ್ ಹಿಡಿದೆ. ಒಂದು ಗುಳ್ಳೆ ಹೋದರೆ ಅದರ ಕೆಳಗೆ ಇನ್ನೆರಡು ತೆರೆದುಕೊಂಡವು. ತಗಡುಗಳ ಸಂದು ತೋರಿಸುವ ಕೂದಲೆಳೆಯಂಥ ಪ್ಯಾನೆಲ್ ಗೆರೆಗಳು ಅಳಿಸಿಹೋದವು. ಅಂಚಿನ ದುಂಡು ಹೋಗಿ ಚಪ್ಪಟೆಯಾಯಿತು. ಅದೇ ಕಿಟ್ ಇನ್ನೊಂದು ತರೋಣ ಅಂದರೆ ಮಾಡುವವರು ನಿಲ್ಲಿಸಿ ಎಷ್ಟೋ ವರ್ಷ ಆಗಿತ್ತು. ರೆಸಿನ್ ಕಿಟ್‌ಗೆ ಬಳಸುವ ಸಿಲಿಕೋನ್ ರಬ್ಬರ್ ಅಚ್ಚು ಹತ್ತಾರು ಎರಕಕ್ಕೇ ಸವೆದು ಹರಿಯುತ್ತದೆ. ಹೊಸ ಅಚ್ಚು ಮಾಡುವವರಿಲ್ಲದಿದ್ದರೆ ಕಿಟ್ ಅಲ್ಲಿಗೆ ಮುಗಿಯಿತು. ನಿಮ್ಮ ಕೈಯಲ್ಲಿರುವುದೂ ಅಂಥದ್ದೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತೂತು ಹಳತಾಗಿದ್ದರಿಂದ ಬಂದದ್ದಲ್ಲ. ಎರಕ ಹೊಯ್ದ ದಿನವೇ ಅವು ಅಲ್ಲಿದ್ದವು. ಪಾಲಿಯುರೆಥೇನ್ ರೆಸಿನ್ ಎರಡು ದ್ರವ ಬೆರೆಸಿ ಹೊಯ್ಯುವಂಥದ್ದು, ಎಷ್ಟೋ ಬಗೆಗಳು ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತವೆ. ಕಲಸುವಾಗ ಗಾಳಿ ಸೇರುತ್ತದೆ. ದ್ರವಕ್ಕೆ ತೇವ ತಾಗಿದ್ದರೆ ಇನ್ನೂ ಕಷ್ಟ, ಅದರಲ್ಲಿರುವ ಐಸೊಸಯನೇಟ್ ಅನ್ನುವ ರಾಸಾಯನಿಕ ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಹುಟ್ಟಿಸುತ್ತದೆ. ರೆಸಿನ್ ಒಳಗಿಂದಲೇ ನೊರೆ ಏಳುತ್ತದೆ. ಚೆನ್ನಾಗಿ ಮಾಡುವವರು ಅಚ್ಚನ್ನು ಪ್ರೆಶರ್ ಪಾತ್ರೆಯೊಳಗಿಟ್ಟು, ಗಟ್ಟಿಯಾಗುವವರೆಗೆ ಒತ್ತಡ ಕೊಟ್ಟು ಗುಳ್ಳೆಗಳನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದು ಮಾಡುತ್ತಾರೆ. ಹಿಂದೆ ಮನೆಯಲ್ಲೇ ಹೊಯ್ಯುತ್ತಿದ್ದ ಎಷ್ಟೋ ಜನರ ಹತ್ತಿರ ಆ ಪಾತ್ರೆ ಇರಲಿಲ್ಲ. ಗುಳ್ಳೆ ಮೇಲಕ್ಕೇರಿ ಅಚ್ಚಿನ ಎತ್ತರದ ಮೂಲೆಯಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ತೂತುಗಳು ಒಂದೇ ಅಂಚಿನಲ್ಲಿ ಸಾಲಾಗಿರುವುದಕ್ಕೆ ಇದೇ ಕಾರಣ ಇರಬೇಕು. ವಯಸ್ಸಿನಿಂದ ಬರುವುದು ಹಳದಿ ಬಣ್ಣ, ಪೆಳಸು, ಸೊಟ್ಟ.

ಹಾಗಾಗಿ ಯಾವ ಪುಟ್ಟಿ ಅನ್ನುವುದನ್ನು ಸದ್ಯಕ್ಕೆ ಬಿಡಿ. ಮೊದಲು ತೂತನ್ನು ದೊಡ್ಡದು ಮಾಡಿ. ಇದನ್ನು ಹೇಳಿದರೆ ಎಲ್ಲರೂ ಹೆದರುತ್ತಾರೆ, ಒಳ್ಳೆ ರೆಕ್ಕೆಗೆ ನಾವೇ ಡ್ರಿಲ್ ಹಾಕೋದಾ ಅಂತ. ಹೌದು, ಹಾಕಬೇಕು. ಬಾಯಿ ಮತ್ತು ಹೊಟ್ಟೆ ಒಂದೇ ಅಗಲ ಆಗುವವರೆಗೆ.

ಹುಡುಕುವುದೇ ದೊಡ್ಡ ಕೆಲಸ. ಮೊದಲು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ರೆಕ್ಕೆ ತೊಳೆಯಿರಿ. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಹಚ್ಚಿದ ಜಿಡ್ಡು ಎಷ್ಟು ವರ್ಷ ಆದರೂ ಇರುತ್ತದೆ, ಅದರ ಮೇಲೆ ಅಂಟೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಒಣಗಿದ ಮೇಲೆ ಮೆತ್ತನೆಯ ಪೆನ್ಸಿಲ್ ಪುಡಿಯನ್ನು ಬೆರಳಿಂದ ಉಜ್ಜಿ. ತೆರೆದ ತೂತೆಲ್ಲ ಕಪ್ಪಗೆ ಕಾಣುತ್ತದೆ. ಆಮೇಲೆ ಆ ಪುಡಿಯನ್ನೂ ತೊಳೆದು ತೆಗೆಯಿರಿ. ಇನ್ನು ಮುಚ್ಚಿದ ಗುಳ್ಳೆಗಳು. ದೀಪವನ್ನು ಪಕ್ಕಕ್ಕಿಟ್ಟು ಓರೆ ಬೆಳಕಲ್ಲಿ ನೋಡಿದರೆ ಅಲ್ಲಲ್ಲಿ ಸ್ವಲ್ಪ ಬಿಳಿಚಿದ ದುಂಡು ಮಚ್ಚೆ ಕಾಣುತ್ತದೆ. ಸೂಜಿ ಮೊನೆ ಇಟ್ಟು ಮೆಲ್ಲಗೆ ಒತ್ತಿ. ಗಟ್ಟಿ ಇದ್ದರೆ ಸೂಜಿ ಜಾರುತ್ತದೆ. ಗುಳ್ಳೆ ಇದ್ದರೆ ಚಿಟ್ ಅಂತ ಮೊಟ್ಟೆ ಸಿಪ್ಪೆ ಒಡೆದ ಹಾಗೆ ಒಳಗೆ ಹೋಗುತ್ತದೆ. ಆ ಸಪ್ಪಳ ಒಮ್ಮೆ ಕೇಳಿದರೆ ಮತ್ತೆ ಮರೆಯುವುದಿಲ್ಲ. ನನ್ನ ಎಡ ರೆಕ್ಕೆಯಲ್ಲಿ ಕಣ್ಣಿಗೆ ಕಂಡದ್ದು 14, ಸೂಜಿಗೆ ಸಿಕ್ಕಿದ್ದು ಇನ್ನೂ 9.

ಸಿಕ್ಕ ಒಂದೊಂದನ್ನೂ ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್‌ನಿಂದ ಅಗಲ ಮಾಡಿ. 0.5 ಮಿ.ಮೀ. ಬಿಟ್‌ನಿಂದ ಶುರು ಮಾಡಿ, ಗೋಡೆ ನೇರ ಆಗುವವರೆಗೆ ಮುಂದಿನ ಅಳತೆಗೆ ಹೋಗಿ. ಮೋಟಾರ್ ಡ್ರಿಲ್ ಬೇಡ, ತೆಳ್ಳಗಿನ ರೆಕ್ಕೆಯ ಆಚೆ ಕಡೆಗೇ ಹೊರಟುಬಿಡುತ್ತದೆ.

ತುಂಬುವುದಕ್ಕೆ ನಾನು ಪುಟ್ಟಿಯನ್ನೇ ಬಿಟ್ಟಿದ್ದೇನೆ. ಅಂಚಿನ ತೂತಿಗೆ ಅದೇ ಅಳತೆಯ ಪ್ಲಾಸ್ಟಿಕ್ ಕಡ್ಡಿಯನ್ನು ಸೂಪರ್ ಗ್ಲೂನಲ್ಲಿ ಅದ್ದಿ ಒಳಗೆ ತೂರಿಸಿ, ಗಟ್ಟಿಯಾದ ಮೇಲೆ ಕತ್ತರಿಸಿ ಉಜ್ಜುತ್ತೇನೆ. ಅದು ಕುಗ್ಗುವುದಿಲ್ಲ, ಬೀಳುವುದಿಲ್ಲ. ಉಳಿದವಕ್ಕೆ ಮಂದ ಸೂಪರ್ ಗ್ಲೂಗೆ ಸ್ವಲ್ಪ ಟಾಲ್ಕಮ್ ಪೌಡರ್ ಕಲಸಿ, ಸೂಜಿ ಮೊನೆಯಲ್ಲಿ ತೆಗೆದು, ತೂತಿನ ತಳದಿಂದ ಮೇಲಕ್ಕೆ ತುಂಬುತ್ತಾ ಬನ್ನಿ. ಪೌಡರ್ ಸೇರಿದರೆ ಅಂಟು ಸ್ವಲ್ಪ ಮೆತ್ತಗಾಗಿ ರೆಸಿನ್ ಜೊತೆ ಸಮನಾಗಿ ಉಜ್ಜಲು ಬರುತ್ತದೆ. ಬರೀ ಸೂಪರ್ ಗ್ಲೂ ಹಾಕಿ ಮರುದಿನ ಉಜ್ಜಲು ಹೋಗಬೇಡಿ. ಅಷ್ಟೊತ್ತಿಗೆ ಅದು ರೆಸಿನ್‌ಗಿಂತ ಗಟ್ಟಿಯಾಗಿ, ಸುತ್ತಲಿನ ರೆಸಿನ್ ಸವೆದು ಅಂಟು ಉಬ್ಬಾಗಿ ನಿಲ್ಲುತ್ತದೆ. ಗಟ್ಟಿಯಾಗಿದೆ ಅಂತ ಖಾತ್ರಿಯಾದ ತಕ್ಷಣ, ಒಂದು ಗಂಟೆಯೊಳಗೆ ಉಜ್ಜಿ. ಅಡುಗೆ ಸೋಡಾ ಉದುರಿಸಿ ಅಂತ ಹೇಳುವವರು ತುಂಬಾ ಜನ ಇದ್ದಾರೆ. ಆ ಕ್ಷಣಕ್ಕೆ ಗಟ್ಟಿಯಾಗುವುದು ನಿಜ, ಆದರೆ ಕಲ್ಲಾಗುತ್ತದೆ. ರೆಕ್ಕೆ ಅಂಚಿಗೆ ಅದು ಬೇಡವೇ ಬೇಡ. ದೊಡ್ಡ ಗುಂಡಿ ಇದ್ದರೆ, ಮೂಲೆ ತುಂಬದೇ ಹೋಗಿದ್ದರೆ, ಎರಡು ಭಾಗ ಕಲಸಿ ಹಾಕುವ ಎಪಾಕ್ಸಿ ಪುಟ್ಟಿ ಸರಿ.

ಉಜ್ಜುವಾಗ ಸ್ಯಾಂಡ್ ಪೇಪರ್ ಒದ್ದೆ ಇರಲಿ, ಮಾಸ್ಕ್ ಹಾಕಿಕೊಳ್ಳಿ. ರೆಸಿನ್ ಪುಡಿ ತುಂಬಾ ನಯ, ಶ್ವಾಸಕೋಶಕ್ಕೆ ಇಳಿಯುತ್ತದೆ. ಇದರಲ್ಲಿ ಯಾವ ರಿಯಾಯಿತಿಯೂ ಬೇಡ.

ಸೊಟ್ಟದ ಬಗ್ಗೆ ಜಾಸ್ತಿ ಚಿಂತೆ ಬೇಡ. ಆದರೆ ಅದನ್ನು ತೂತು ತುಂಬುವ ಮೊದಲೇ ಸರಿಮಾಡಿ, ಆಮೇಲೆ ಬಗ್ಗಿಸಿದರೆ ತುಂಬಿದ್ದು ಬಿರುಕು ಬಿಡುತ್ತದೆ. 60ರಿಂದ 70 ಡಿಗ್ರಿ ಬಿಸಿನೀರಲ್ಲಿ ಒಂದು ನಿಮಿಷ ಇಟ್ಟರೆ ತೆಳ್ಳಗಿನ ರೆಕ್ಕೆ ಮೆತ್ತಗಾಗುತ್ತದೆ. ಗಾಜಿನ ಹಲಗೆ ಮೇಲೆ ಇಟ್ಟು ನೇರ ಮಾಡಿ, ಹಾಗೇ ಹಿಡಿದುಕೊಂಡು ತಣ್ಣೀರು ಹಾಕಿ. ಒಂದೇ ಸಲಕ್ಕೆ ಬರದಿದ್ದರೆ ಮತ್ತೆ ಬಿಸಿ ಮಾಡಿ, ತಣ್ಣಗಿರುವಾಗ ಮಾತ್ರ ಬಗ್ಗಿಸಬೇಡಿ. ಹಳೇ ರೆಸಿನ್ ಚಟ್ಟನೆ ಮುರಿಯುತ್ತದೆ. ರೆಕ್ಕೆ ಬುಡದಲ್ಲಿ ತೂತು ಕೊರೆದು 0.8 ಮಿ.ಮೀ. ಹಿತ್ತಾಳೆ ಕಂಬಿ ಹಾಕಿದರೆ ವಿಮಾನದ ಮೈಗೆ ಭದ್ರವಾಗಿ ಕೂರುತ್ತದೆ. ಮಾಮೂಲಿ ಪ್ಲಾಸ್ಟಿಕ್ ಕಿಟ್‌ನ ಅಂಟು ರೆಸಿನ್‌ಗೆ ಹಿಡಿಯುವುದಿಲ್ಲ, ಸೂಪರ್ ಗ್ಲೂ ಇಲ್ಲಾ ಎಪಾಕ್ಸಿ ಬೇಕು.

ಬಿಸಾಡುವ ಮಾತು ಬೇಡ. ಎಷ್ಟು ತೊಳೆದರೂ ಮೈ ಅಂಟಂಟಾಗಿ, ಎಣ್ಣೆ ಜಿನುಗುತ್ತಾ ಇದ್ದರೆ ಮಾತ್ರ ಆ ಭಾಗದ ಆಸೆ ಬಿಡಿ. ಹೊಯ್ದವರು ಎರಡು ದ್ರವದ ಅಳತೆ ತಪ್ಪಿಸಿರುತ್ತಾರೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ತೂತಿಗೆ, ಸೊಟ್ಟಕ್ಕೆ ಕಿಟ್ ಬಿಸಾಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತೆ.

ನನ್ನ ಎಡ ರೆಕ್ಕೆಯ 23 ತೂತನ್ನೂ ಹೀಗೇ ಕೊರೆದು ತುಂಬಿದೆ. ಎರಡು ಸಂಜೆ ಹಿಡಿಯಿತು. ನಾನು ಹಾಳು ಮಾಡಿದ ಬಲ ರೆಕ್ಕೆಯನ್ನು ಎಡದ್ದರ ಅಳತೆ ಹಿಡಿದು ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಅರದಿಂದ ಉಜ್ಜಿ ಹೊಸದಾಗಿ ಮಾಡಿದೆ. ಅದಕ್ಕೆ ನಾಲ್ಕು ತಿಂಗಳು. ಎಡ ರೆಕ್ಕೆ ಆಮೇಲೆ ಎಷ್ಟೋ ಬೇಸಿಗೆ ಕಂಡಿದೆ. ಬೆಳ್ಳಿ ಬಣ್ಣದ ಕೆಳಗೆ ಒಂದು ಕುಳಿಯೂ ಬಿದ್ದಿಲ್ಲ.

ನೀವು ತೊಳೆದು, ಸೊಟ್ಟ ತೆಗೆದು, ಪೆನ್ಸಿಲ್ ಪುಡಿ ಉಜ್ಜಿದ ಮೇಲೆ ಒಂದು ಫೋಟೋ ಹಾಕಿ, ಓರೆ ಬೆಳಕಲ್ಲಿ ತೆಗೆದದ್ದು. ಎಲ್ಲಿಗೆ ಕಡ್ಡಿ, ಎಲ್ಲಿಗೆ ಅಂಟು ಸಾಕು ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಪುಟ್ಟಿ ಟ್ಯೂಬಿನ ಮುಚ್ಚಳ ತೆಗೆಯಬೇಡಿ.